ಕರಿಬೇವಿನ ಹುಳ ಕೊಲ್ಲಬೇಡಿ, ಮಕ್ಕಳನ್ನು ಕರೆಯಿರಿ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹುಳ ಮತ್ತು ಚಿಟ್ಟೆಯದ್ದೇ. ಮಳೆ ಬಿದ್ದು ಗಿಡ ಚಿಗುರಿದ ಮೇಲೆ ಹೀಗಾಗುವುದು ಮಾಮೂಲಿ. ಹಲ್ಲಿ, ಗೆದ್ದಲಿನ ಪತ್ರ ಬರೆದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದು ಮುಂದಿನ ಸಲ.

ಪ್ರಶ್ನೆ: ಟೀಚರಮ್ಮ, ನಮಗಿಬ್ಬರು ಮಕ್ಕಳು. ಮಗಳಿಗೆ ಒಂಬತ್ತು, ಮಗನಿಗೆ ಆರು. ಇಬ್ಬರನ್ನೂ ಮನೆಯಲ್ಲೇ ಓದಿಸುತ್ತಿದ್ದೇವೆ. ಚಿಟ್ಟೆಯ ಪಾಠ ಬಂತು. ಕಣ್ಣಾರೆ ನೋಡಲಿ ಅಂತ ಜುಲೈನಲ್ಲಿ ಒಂದು ದಿನ ಕಾರು ಮಾಡಿಕೊಂಡು ಮೈಸೂರಿಗೆ ಹೋದೆವು. ತಲುಪುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ಒಂದು ಪಾರ್ಕಿನಲ್ಲಿ ಎರಡು ಗಂಟೆ ಸುತ್ತಿದೆವು. ಮೋಡ ಮುಚ್ಚಿಕೊಂಡಿತ್ತು. ಕಂಡದ್ದು ನಾಲ್ಕೇ ಚಿಟ್ಟೆ, ಅದೂ ದೂರದಲ್ಲಿ. ಮನೆಗೆ ಬಂದು "ಇವತ್ತು ನೋಡಿದ್ದು ಬರಿ" ಅಂದರೆ ಮಗ ಐಸ್‌ಕ್ರೀಮಿನ ಚಿತ್ರ ಬಿಡಿಸಿದ. ನಾವು ಎಲ್ಲಿಗೆ ಹೋಗಬೇಕಿತ್ತು?
— ಒಬ್ಬ ತಾಯಿ, ಮಂಡ್ಯ

ಉತ್ತರ: ಮಗನ ತಪ್ಪೇನೂ ಇಲ್ಲ ತಾಯಿ. ಅವತ್ತು ಅವನು ಹತ್ತಿರದಿಂದ ನೋಡಿದ್ದು ಐಸ್‌ಕ್ರೀಮ್ ಒಂದನ್ನೇ.

ನಿಮ್ಮ ಪತ್ರ ಓದಿ ನನಗೆ ನಗು ಬಂತು, ಯಾಕೆಂದರೆ ನಮ್ಮ ಮನೆಯದೂ ಇದೇ ಕಥೆ. ನನ್ನ ಮಗಳು ಮೂರು ವರ್ಷದ ಹಿಂದೆ ತನ್ನ ಎರಡೂ ಮಕ್ಕಳನ್ನು ಶಾಲೆ ಬಿಡಿಸಿದಳು. ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಸೀಮೆಸುಣ್ಣ ಹಿಡಿದವಳು ನಾನು. ಎರಡು ತಿಂಗಳು ಮಗಳ ಹತ್ತಿರ ಸರಿಯಾಗಿ ಮಾತೇ ಆಡಲಿಲ್ಲ. ಆಮೇಲೆ ಅವಳೇ ಫೋನ್ ಮಾಡಿ, "ಅಮ್ಮ, ಚಿಟ್ಟೆ ಪಾಠ ಇದೆ, ನೀನೇ ಮಾಡು" ಅಂದಳು. ಸಿಟ್ಟಿನಲ್ಲಿರುವ ಟೀಚರನ್ನು ಒಲಿಸುವುದು ಹೇಗೆ ಅಂತ ಅವಳಿಗೆ ಗೊತ್ತು.

ಮೊದಲು ಹೊತ್ತಿನ ವಿಚಾರ ಹೇಳಿಬಿಡುತ್ತೇನೆ. ಚಿಟ್ಟೆಗೆ ನಮ್ಮ ಹಾಗೆ ಮೈಯೊಳಗೆ ಬಿಸಿ ಇರುವುದಿಲ್ಲ. ಬಿಸಿಲು ಕಾಯಿಸಿಕೊಂಡು, ಮೈ ಬೆಚ್ಚಗಾದ ಮೇಲೆ ಹಾರುತ್ತದೆ. ಮೋಡವಾದರೆ ಎಲೆಯಡಿ ಸೇರಿಕೊಂಡು ಕೂತುಬಿಡುತ್ತದೆ. ಅವತ್ತು ನಿಮ್ಮ ಪಾರ್ಕಿನಲ್ಲಿ ನಲವತ್ತು ಚಿಟ್ಟೆ ಇದ್ದಿರಬಹುದು, ನಾಲ್ಕು ಮಾತ್ರ ಎದ್ದಿದ್ದವು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಒಳ್ಳೆಯ ಕಾಲ ಅಂದರೆ ಮುಂಗಾರು ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ.

ನಾವು ಹೋದದ್ದು ಅಕ್ಟೋಬರ್‌ನಲ್ಲಿ, ದಸರಾ ಗದ್ದಲ ಮುಗಿದ ವಾರ. ಮನೆಯಲ್ಲಿ ಓದಿಸುವುದರಲ್ಲಿ ನಾನು ಒಪ್ಪುವ ಲಾಭ ಇದೊಂದು. ಬುಧವಾರ ಹೋಗಬಹುದು. ಎರಡು ಡಬ್ಬಿ ಚಿತ್ರಾನ್ನ, ನೀರು, ಒಂದು ಭೂತಗನ್ನಡಿ, ನೋಟ್‌ಬುಕ್ಕು. ಎಂಟೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲಿದ್ದೆವು. ವಾಕಿಂಗಿನವರು ಇನ್ನೂ ಕರಗಿರಲಿಲ್ಲ. ಅಳಿಯಂದಿರು "ಈ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ..." ಅಂತ ಶುರು ಮಾಡಿದರು. ತಿರುಗಿ ನೋಡಿದರೆ ಮಕ್ಕಳು ಅರ್ಧ ಫರ್ಲಾಂಗು ಆಚೆ ಓಡುತ್ತಿದ್ದರು. ಮಗಳು ಪಟ್ಟಿ ಮಾಡಿಕೊಂಡು ಬಂದಿದ್ದಳು: ಇಪ್ಪತ್ತು ಚಿಟ್ಟೆಗಳ ಹೆಸರು, ಪಕ್ಕದಲ್ಲಿ ಟಿಕ್ ಹಾಕಲು ಚೌಕ. ಒಂದು ಗಂಟೆಯಲ್ಲಿ ಆರು ಟಿಕ್ ಬಿತ್ತು. ಚಿಕ್ಕವನು ಚಿತ್ರಾನ್ನ ಯಾವಾಗ ಅಂತ ಮೂರು ಸಲ ಕೇಳಿದ. ನಿಮ್ಮ ಮಗನ ಐಸ್‌ಕ್ರೀಮ್ ಇದ್ದ ಹಾಗೆ ಇವನಿಗೆ ಚಿತ್ರಾನ್ನ.

ಒಂದೇ ಒಂದು ಕಡೆ ಇಬ್ಬರೂ ನಿಂತರು. ದಂಡೆಯ ಒದ್ದೆ ಮಣ್ಣಿನ ಮೇಲೆ ಹತ್ತಿಪ್ಪತ್ತು ಹಳದಿ ಚಿಟ್ಟೆಗಳು ರೆಕ್ಕೆ ಮಡಚಿಕೊಂಡು ಕೂತು, ಸೊಂಡಿಲು ಚಾಚಿ ಮಣ್ಣು ಹೀರುತ್ತಿದ್ದವು. ಹೂವಿನ ರಸದಲ್ಲಿ ಸಿಹಿ ಇದೆ, ಉಪ್ಪು ಇಲ್ಲ. ಆ ಉಪ್ಪಿಗಾಗಿ ಮಣ್ಣಿಗೆ ಬರುತ್ತವೆ. ಹೀಗೆ ಸೇರುವವು ಹೆಚ್ಚಾಗಿ ಗಂಡು ಚಿಟ್ಟೆಗಳು. ಹೀರಿದ ಉಪ್ಪಿನಲ್ಲಿ ಒಂದು ಪಾಲು ಕೂಡುವಾಗ ಹೆಣ್ಣಿಗೆ ಹೋಗುತ್ತದೆ, ಅಲ್ಲಿಂದ ಮೊಟ್ಟೆಗೆ. ಮಗಳ ಪಟ್ಟಿಯಲ್ಲಿ ಇದಕ್ಕೆ ಚೌಕವೇ ಇರಲಿಲ್ಲ.

ನಿಜವಾದ ಪಾಠ ಸಿಕ್ಕಿದ್ದು ವಾಪಸ್ ಬರುವಾಗ. ನಮ್ಮ ಮನೆ ಬೀದಿಯ ತುದಿಯಲ್ಲಿ ಒಂದು ಖಾಲಿ ಸೈಟಿದೆ. ಹಳೆ ಇಟ್ಟಿಗೆ, ಪ್ಲಾಸ್ಟಿಕ್ ಕವರು, ಮಧ್ಯೆ ಎದೆಯೆತ್ತರ ಒಂದು ಎಕ್ಕದ ಗಿಡ. ಅದರ ಸುತ್ತ ಒಂದು ಕಿತ್ತಳೆ ಬಣ್ಣದ ಚಿಟ್ಟೆ ಸುತ್ತು ಹಾಕುತ್ತಿತ್ತು. ರೆಕ್ಕೆಗೆ ಕಪ್ಪು ಅಂಚು, ಅಂಚಿನಲ್ಲಿ ಬಿಳಿ ಚುಕ್ಕಿ. ಪ್ಲೇನ್ ಟೈಗರ್ ಅಂತಾರೆ. ನಾನು ಎಲ್ಲರನ್ನೂ ನಿಲ್ಲಿಸಿದೆ. ಹೂವು ಇದ್ದರೂ ಅದು ಹೂವಿಗೆ ಹೋಗಲಿಲ್ಲ. ಒಂದು ಎಲೆ ಮುಟ್ಟಿತು, ಬಿಟ್ಟಿತು. ಇನ್ನೊಂದು ಮುಟ್ಟಿತು, ಬಿಟ್ಟಿತು. ಮೂರನೆಯ ಎಲೆಯ ಅಂಚು ಹಿಡಿದು ಕೂತು, ಹೊಟ್ಟೆಯ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಎಲೆಯಡಿಗೆ ಒತ್ತಿತು. ಎರಡು ಸೆಕೆಂಡು. ಹಾರಿತು.

ಎಲೆ ಮಗುಚಿ ನೋಡಿದರೆ ಗುಂಡುಸೂಜಿಯ ತಲೆಯಷ್ಟು ಬಿಳಿ ಮೊಟ್ಟೆ. ಭೂತಗನ್ನಡಿ ಹಿಡಿದರೆ ಮೈತುಂಬ ಸಣ್ಣ ಗೆರೆ. ಒಂದು ಎಲೆಗೆ ಒಂದೇ.

"ಅದಕ್ಕೆ ಎಕ್ಕದ ಗಿಡ ಅಂತ ಹೇಗೆ ಗೊತ್ತಾಯ್ತು?" ದೊಡ್ಡವಳು ಕೇಳಿದಳು. ಕಾಲಿನಿಂದ ರುಚಿ ನೋಡುತ್ತದೆ ಅಂದೆ. ಅದು ನಿಜವೇ, ಚಿಟ್ಟೆಯ ಕಾಲಲ್ಲಿ ರುಚಿ ತಿಳಿಯುವ ಅಂಗ ಇದೆ. ಹೆಣ್ಣು ಕಾಲೂರಿ ಎಲೆಯ ರುಚಿ ನೋಡಿ, ಮರಿ ತಿನ್ನುವ ಗಿಡ ಇದೇನಾ ಅಂತ ಖಾತ್ರಿ ಮಾಡಿಕೊಳ್ಳುತ್ತದೆ. ಚಿಕ್ಕವನು ಆ ಹೊತ್ತಿಗೆ ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ದೋಸೆಯ ಮೇಲೆ ಕಾಲಿನ ಹೆಬ್ಬೆರಳು ಇಟ್ಟು, "ಅಜ್ಜಿ, ಉಪ್ಪು ಕಮ್ಮಿ" ಅಂದ. ಅವರಮ್ಮ ಬೈದಳು. ನಾನು ಮಾತ್ರ ಹತ್ತಕ್ಕೆ ಹತ್ತು ಕೊಟ್ಟೆ.

ಆ ಎಲೆ, ಪಕ್ಕದ ಎಲೆಗಳಲ್ಲಿ ಸಿಕ್ಕ ಇನ್ನೆರಡು ಮೊಟ್ಟೆ, ಮೂರನ್ನೂ ಮನೆಗೆ ತಂದೆವು. ಅಗಲ ಬಾಯಿಯ ಡಬ್ಬಿ, ಬಾಯಿಗೆ ಹಳೆ ಸೊಳ್ಳೆಪರದೆಯ ತುಂಡು, ರಬ್ಬರ್ ಬ್ಯಾಂಡು. ಒಳಗೆ ನೇತಾಡಲು ಒಂದು ಕಡ್ಡಿ. ಅಷ್ಟೇ ಸಾಮಾನು. ಮೂರನೇ ದಿನ ಮೊಟ್ಟೆ ಒಡೆದು, ಎಳ್ಳುಕಾಳಿನುದ್ದದ ಹುಳ ಹೊರಬಂತು. ಮೊದಲ ಊಟ ಏನು ಗೊತ್ತಾ? ಅದರದ್ದೇ ಮೊಟ್ಟೆಯ ಸಿಪ್ಪೆ. ಆಮೇಲೆ ಎಲೆ, ಎಲೆ, ಎಲೆ. ದಿನಾ ಹೊಸ ಎಕ್ಕದ ಎಲೆ ಬೇಕು. ಅಳಿಯಂದಿರು ಆಫೀಸಿನಿಂದ ಬರುವಾಗ ಸ್ಕೂಟರ್ ನಿಲ್ಲಿಸಿ ಕಿತ್ತು ತರುತ್ತಿದ್ದರು. ರಥಸಪ್ತಮಿಗೆ ತಲೆ ಮೇಲೆ ಇಟ್ಟುಕೊಳ್ಳಲು ಹುಡುಕುವ ಎಲೆಯನ್ನು ಕಾರ್ತಿಕದಲ್ಲಿ ಮೂಟೆಗಟ್ಟಲೆ ತರುವವರನ್ನು ನಮ್ಮ ಬೀದಿಯವರು ನೋಡಿದ್ದು ಅದೇ ಮೊದಲು. ಒಂದು ಎಚ್ಚರಿಕೆ. ಎಕ್ಕದ ಹಾಲು ಕಣ್ಣಿಗೆ ತಗುಲಬಾರದು, ಕಣ್ಣಿಗೇ ಕುತ್ತು. ಎಲೆ ದೊಡ್ಡವರೇ ಕೀಳಬೇಕು. ಹುಳ ಮುಟ್ಟಿದ ಮಕ್ಕಳು ಸೋಪು ಹಾಕಿ ಕೈ ತೊಳೆಯಲೇಬೇಕು.

ನಾಲ್ಕೈದು ದಿನಕ್ಕೆ ಹುಳದ ಮೈಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆ ಚೆನ್ನಾಗಿ ಮೂಡಿತು. ಬೆನ್ನ ಮೇಲೆ ಕೊಂಬಿನ ಹಾಗೆ ಮೂರು ಜೊತೆ ಕಪ್ಪು ಎಳೆ. ಎಕ್ಕದ ವಿಷ ಹುಳದ ಮೈಯಲ್ಲಿ ಸೇರಿಕೊಳ್ಳುತ್ತದೆ, ದೊಡ್ಡದಾಗಿ ಚಿಟ್ಟೆಯಾದರೂ ಉಳಿದಿರುತ್ತದೆ. ಒಂದು ಸಲ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಬರುವುದಿಲ್ಲ. ಅದಕ್ಕೇ ಆ ಚಿಟ್ಟೆ ಅಷ್ಟು ನಿಧಾನ ಹಾರುವುದು. ಅವಸರ ಯಾಕೆ?

ನೀವು ಮಂಡ್ಯದವರು, ಜ್ವರ ಅಂದರೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ತಲೆ ಎತ್ತಿ ಸುಮ್ನೆ ಕೂರುತ್ತದಲ್ಲ, ಅದನ್ನು ನಮ್ಮ ರೈತರು ಜ್ವರಕ್ಕೆ ಕೂತಿದೆ ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಎಕ್ಕದ ಹುಳಕ್ಕೂ ನಾಲ್ಕೇ. ನಾನು ಆ ಮಾತನ್ನು ಮಕ್ಕಳಿಗೆ ಹೇಳಿಕೊಟ್ಟೆ. ದೊಡ್ಡವಳ ನೋಟ್‌ಬುಕ್ಕಿನಲ್ಲಿ ಒಂದು ಪುಟ ಹೀಗಿದೆ: "ಇವತ್ತು ಎರಡನೇ ಹುಳಕ್ಕೆ ಜ್ವರ. ಊಟ ಮಾಡಲಿಲ್ಲ. ಹಿಕ್ಕೆ ಇಲ್ಲ. ಉದ್ದ 14 ಮಿ.ಮೀ." ಇಂಥ ಸಾಲನ್ನು ಬರಿಸಲು ನಾನು ಕ್ಲಾಸಿನಲ್ಲಿ ಎಷ್ಟು ಒದ್ದಾಡಿದ್ದೆ!

ಹನ್ನೆರಡು ದಿನ ತಿಂದು, ಕಡ್ಡಿಗೆ ತಲೆಕೆಳಗಾಗಿ ನೇತುಬಿದ್ದು, ಕೊನೆಯ ಪೊರೆ ಕಳಚಿ ಕೋಶವಾದವು. ತಿಳಿ ಹಸಿರು, ಮಲ್ಲಿಗೆ ಮೊಗ್ಗಿನ ಗಾತ್ರ, ಮೇಲೆ ನಿಜವಾದ ಬಂಗಾರದ ಬಣ್ಣದ ಚುಕ್ಕಿ. ನನ್ನ ಮಗಳಿಗೆ ಆ ಮಾದರಿ ಜುಮುಕಿ ಮಾಡಿಸಬೇಕಂತೆ. ಈಗಿನ ಚಿನ್ನದ ರೇಟಿಗೆ ನೋಡಿಯೇ ಖುಷಿಪಡು ಅಂದೆ.

ಈಗ ಬೇಸರದ ಸಂಗತಿ. ಒಂದು ಬೆಳಿಗ್ಗೆ ಎರಡನೇ ಕೋಶದ ಬಣ್ಣ ಕೆಟ್ಟಿತ್ತು. ಅದರಿಂದ ಅಂಟಿನ ದಾರದಂಥದ್ದು ಇಳಿದಿತ್ತು, ಡಬ್ಬಿಯ ತಳದಲ್ಲಿ ಬಿಳಿ ಹುಳ ಹೊರಳಾಡುತ್ತಿತ್ತು. ಒಂದು ಜಾತಿಯ ನೊಣದ ಮರಿ ಅದು. ತಾಯಿ ನೊಣ ಹುಳದ ಮೇಲೋ ಹುಳ ತಿನ್ನುವ ಎಲೆಯ ಮೇಲೋ ಮೊಟ್ಟೆ ಇಟ್ಟಿರುತ್ತದೆ. ಮರಿ ಒಳಗೇ ಬೆಳೆದು, ಕೊನೆಗೆ ತೂತು ಮಾಡಿಕೊಂಡು ಹೊರಬರುತ್ತದೆ. ನಾವು ತಂದ ಎಲೆಯ ಜೊತೆಗೇ ಬಂದಿರಬೇಕು. ಮಗಳು "ಮಕ್ಕಳು ಏಳುವ ಮೊದಲು ಎಸೆದುಬಿಡಮ್ಮ" ಅಂದಳು. ನಾನು ಎಸೆಯಲಿಲ್ಲ. ದೊಡ್ಡವಳು ನೋಡಿ ಅತ್ತಳು, ತಿಂಡಿ ಬಿಟ್ಟಳು. ಚಿಕ್ಕವನು ಆ ಬಿಳಿ ಹುಳವನ್ನು ಬೇರೆ ಡಬ್ಬಿಗೆ ಹಾಕಿಸಿಕೊಂಡ. ಹತ್ತು ಹನ್ನೆರಡು ದಿನಕ್ಕೆ ಅದರಿಂದ ದಪ್ಪ ನೊಣ ಬಂದಾಗ ಬೀದಿಯ ಹುಡುಗರನ್ನೆಲ್ಲ ಕರೆದು ತೋರಿಸಿದ. ಅವನ ಪುಸ್ತಕದಲ್ಲಿ ಇವತ್ತಿಗೂ ಚಿಟ್ಟೆಯ ಚಿತ್ರಕ್ಕಿಂತ ನೊಣದ ಚಿತ್ರವೇ ದೊಡ್ಡದು.

ಉಳಿದ ಎರಡು ಚೆನ್ನಾಗಿಯೇ ಇದ್ದವು. ಎಂಟನೇ ದಿನದ ಸಂಜೆ ಕೋಶ ಕಪ್ಪಾಗಿ, ಸಿಪ್ಪೆ ಗಾಜಿನ ಹಾಗೆ ತಿಳಿಯಾಗಿ, ಒಳಗೆ ಮಡಚಿಟ್ಟ ಕಿತ್ತಳೆ ರೆಕ್ಕೆ ಕಂಡಿತು. ನಾಳೆ ಬೆಳಿಗ್ಗೆ ಅಂತ ಎಲ್ಲರೂ ಅಲಾರಂ ಇಟ್ಟೆವು. ಆರೂವರೆಯಿಂದ ಡಬ್ಬಿ ಸುತ್ತ ಕೂತೆವು. ಏಳೂಕಾಲಿಗೆ ಕಾಫಿ ಸೋಸಲು ನಾನು ಅಡುಗೆಮನೆಗೆ ಹೋದೆ. "ಅಜ್ಜೀ!" ಅಂದರು. ಬರುವಷ್ಟರಲ್ಲಿ ಹೊರಗಿತ್ತು. ನಿಮಿಷವೂ ಹಿಡಿಯುವುದಿಲ್ಲ. ಎರಡನೆಯದಕ್ಕೆ ಕಾಫಿಯನ್ನೇ ಬಿಟ್ಟೆ.

ಹೊರಬಂದಾಗ ಅದು ಚಿಟ್ಟೆಯ ಹಾಗೆ ಕಾಣುವುದಿಲ್ಲ. ದಪ್ಪ ಹೊಟ್ಟೆ, ಹಿಂಡಿದ ಬಟ್ಟೆಯ ಹಾಗೆ ಮುದುಡಿದ ರೆಕ್ಕೆ. ಖಾಲಿ ಕೋಶಕ್ಕೇ ಜೋತುಬಿದ್ದು ಹೊಟ್ಟೆಯ ನೀರನ್ನು ರೆಕ್ಕೆಯ ನರಗಳಿಗೆ ಒತ್ತುತ್ತದೆ. ಕಣ್ಣೆದುರೇ ಹೊಟ್ಟೆ ಸಣ್ಣಗಾಗಿ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಸೊಂಡಿಲು ಆಗ ಎರಡು ಎಳೆ. ಅವನ್ನು ಸುರುಳಿ ಮಾಡಿ, ಬಿಚ್ಚಿ, ಮತ್ತೆ ಸುರುಳಿ ಮಾಡಿ, ಜಿಪ್ ಹಾಕಿದ ಹಾಗೆ ಒಂದು ಮಾಡಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಮುಟ್ಟಲೇಬಾರದು. ರೆಕ್ಕೆ ಮಡಚಿದಂತೆಯೇ ಒಣಗಿದರೆ ಆಮೇಲೆ ಸರಿಹೋಗುವುದಿಲ್ಲ. ನಡುವೆ ಒಂದು ಕೆಂಗಂದು ಹನಿ ಬೀಳುತ್ತದೆ. ರಕ್ತ ಅಲ್ಲ, ಕೋಶದಲ್ಲಿದ್ದಾಗಿನ ಕಸ. ಮೊದಲೇ ಹೇಳಿಡಿ, ಇಲ್ಲದಿದ್ದರೆ ಮಕ್ಕಳು ಹೆದರುತ್ತಾರೆ. ಒಂಬತ್ತೂವರೆಗೆ ಬಿಸಿಲಿಗೆ ಡಬ್ಬಿ ತೆರೆದೆವು. ಮೊದಲನೆಯದು ಹಾರಿ ಹೋಗಿ ಎದುರು ಮನೆಯವರ ಒಗೆದ ಪಂಚೆಯ ಮೇಲೆ ಕೂತಿತು.

ಎಲ್ಲಿಗೆ ಹೋಗಬೇಕಿತ್ತು ಅಂತ ಕೇಳಿದಿರಿ. ಮೈಸೂರಿಗೇ ಬರುವುದಾದರೆ ಕಾರಂಜಿ ಕೆರೆಗೆ ಬನ್ನಿ, ಅಲ್ಲಿ ಚಿಟ್ಟೆಗಳಿಗೆಂದೇ ಜಾಗ ಇದೆ. ಪಕ್ಕದಲ್ಲೇ ಪ್ರಾಕೃತಿಕ ಇತಿಹಾಸದ ಪ್ರಾದೇಶಿಕ ಸಂಗ್ರಹಾಲಯವೂ ಇದೆ. ಕೆರೆಗೆ ಮಂಗಳವಾರ ರಜೆ, ಸಂಗ್ರಹಾಲಯಕ್ಕೆ ಸೋಮವಾರ. ಆದರೆ ನನ್ನನ್ನು ಕೇಳಿದರೆ ಮೊದಲು ನಿಮ್ಮ ಬೀದಿಯಲ್ಲಿ ಗಿಡ ಹುಡುಕಿ. ಎಕ್ಕ, ಕರಿಬೇವು, ನಿಂಬೆ, ಕಣಗಲೆ, ಹರಳು, ಕಕ್ಕೆ. ಚಿಟ್ಟೆ ಹುಡುಕಿದರೆ ಅದು ಓಡುತ್ತದೆ, ಗಿಡ ಹುಡುಕಿದರೆ ನಿಂತಿರುತ್ತದೆ. ಕಣಗಲೆಯ ಎಲೆಯಡಿ ಕನ್ನಡಿಯ ಹಾಗೆ ಹೊಳೆಯುವ ಕೋಶ ಸಿಕ್ಕರೆ ಅದು ಕಾಮನ್ ಕ್ರೋ ಚಿಟ್ಟೆಯದು. ಅದರಲ್ಲಿ ನಿಮ್ಮ ಮುಖವೇ ಕಾಣುತ್ತದೆ.

ಬಸ್ಸಾರಿಗೆ ತರುವ ಗೋಣಿಸೊಪ್ಪನ್ನೂ ಬಿಡಬೇಡಿ. ಒಂದು ದಿನ ನಮ್ಮ ಕುಂಡದಲ್ಲಿ ಪ್ಲೇನ್ ಟೈಗರ್ ಬಂದು ಗೋಣಿಸೊಪ್ಪಿನ ಹತ್ತಿರ ಮೊಟ್ಟೆ ಇಟ್ಟಿತು ಅಂತ ಮೊಮ್ಮಗಳು ಕೂಗಿದಳು. ಅದು ಬೇರೆ. ಡನಾಯ್ಡ್ ಎಗ್‌ಫ್ಲೈ ಅಂತ ಒಂದಿದೆ, ಅದರ ಹೆಣ್ಣು ಥೇಟ್ ಪ್ಲೇನ್ ಟೈಗರ್ ವೇಷ. ತನಗೆ ವಿಷ ಇಲ್ಲದಿದ್ದರೂ ವಿಷ ಇರುವವರ ಸೀರೆ ಉಟ್ಟು ಓಡಾಡುತ್ತದೆ. ಅದನ್ನು ಹಿಡಿದುಕೊಟ್ಟದ್ದು ಗಿಡ. ಎಕ್ಕ ಬಿಟ್ಟು ಗೋಣಿಸೊಪ್ಪಿಗೆ ಬಂದಳಲ್ಲ, ಸಿಕ್ಕಿಬಿದ್ದಳು.

ಮಂಡ್ಯದ ಸುತ್ತ ಹಿಪ್ಪುನೇರಳೆ ತೋಟ ಇರುವವರು ಗುರುತಿದ್ದರೆ ಒಂದು ದಿನ ಹುಳು ಮನೆಗೂ ಹೋಗಿ ಬನ್ನಿ. ನಾಲ್ಕನೇ ಜ್ವರ ಎದ್ದ ಮೇಲೆ ಹೋದರೆ ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತದೆ. ಅನಂತರ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡುವುದನ್ನು ನೋಡಿ. ಕೇಳಿಕೊಂಡೇ ಹೋಗಿ, ಅವರು ಹೇಳಿದ ಹಾಗೆ ಕೈಕಾಲು ತೊಳೆದು ಒಳಗೆ ಕಾಲಿಡಿ. ಹೊರಗಿನವರಿಂದ ರೋಗ ಹತ್ತಿದರೆ ಅವರ ಬೆಳೆಯೇ ಹೋಯಿತು. ರೇಷ್ಮೆಯದು ಚಿಟ್ಟೆಯಲ್ಲ, ಪತಂಗ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದು ಹಾರುವುದನ್ನೇ ಮರೆತಿದೆ. ಗೂಡು ಬೇಯಿಸಿದರೆ ಒಳಗಿನ ಹುಳು ಏನಾಗುತ್ತದೆ ಅಂತ ಮಗಳು ಕೇಳಿಯೇ ಕೇಳುತ್ತಾಳೆ. ಇದ್ದದ್ದು ಇದ್ದ ಹಾಗೆ ಹೇಳಿ.

ಪ್ರಶ್ನೆ: ನಮ್ಮ ಕರಿಬೇವಿನ ಗಿಡದ ತುಂಬ ಹಸಿರು ಹುಳ. ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಹೊರಬಂದು ಕೆಟ್ಟ ವಾಸನೆ. ಏನು ಸಿಂಪಡಿಸಲಿ?
— ಗೃಹಿಣಿ, ವಿಜಯನಗರ, ಮೈಸೂರು

ಉತ್ತರ: ಏನೂ ಸಿಂಪಡಿಸಬೇಡಿ. ನಾಳೆ ಅದೇ ಎಲೆಯನ್ನು ಒಗ್ಗರಣೆಗೆ ಹಾಕುವವರು ನೀವೇ ಅಲ್ವಾ?

ಅವು ಕಾಮನ್ ಮಾರ್ಮನ್ ಅಥವಾ ಲೈಮ್ ಚಿಟ್ಟೆಯ ಮರಿಗಳು. ಚಿಕ್ಕದರಲ್ಲಿ ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತವೆ, ಯಾರಿಗೂ ತಿನ್ನಬೇಕು ಅನಿಸಬಾರದು ಅಂತ. ದೊಡ್ಡದಾದ ಮೇಲೆ ಹಸಿರು. ಆ ಕೊಂಬು ಕೊಂಬಲ್ಲ, ತಲೆಯ ಹಿಂದೆ ಮಡಚಿಟ್ಟಿರುವ ಮೆದು ಅಂಗ. ಇರುವೆ, ಕಣಜ ಬಂದಾಗ ಆ ವಾಸನೆಯೇ ಅದರ ದೊಣ್ಣೆ. ಕಚ್ಚುವುದಿಲ್ಲ, ತುರಿಸುವುದೂ ಇಲ್ಲ.

ನಮ್ಮತ್ತೆ ಈ ಹುಳಕ್ಕೆ ಒಲೆ ಬೂದಿ ಎರಚುತ್ತಿದ್ದರು. ಗಿಡ ಆಳೆತ್ತರ ಇದ್ದರೆ ಅದೂ ಬೇಡ, ತಿಂದ ಜಾಗದಲ್ಲಿ ಮತ್ತೆ ಚಿಗುರುತ್ತದೆ. ಮೊಳದುದ್ದದ ಸಸಿಯಾದರೆ ಬೋಳಿಸಿಬಿಡುತ್ತವೆ. ಆಗ ಹುಳ ಇರುವ ರೆಂಬೆ ಕತ್ತರಿಸಿ ದೊಡ್ಡ ಕರಿಬೇವಿಗೋ ನಿಂಬೆಗೋ ಸಿಕ್ಕಿಸಿ. ಒಂದನ್ನು ಡಬ್ಬಿಯಲ್ಲಿಟ್ಟು ಮಕ್ಕಳಿಗೆ ಕೊಡಿ. ಮಾರ್ಮನ್ ಆಗಿ, ಹೆಣ್ಣಾದರೆ, ಯಾವ ಬಣ್ಣ ಬರುತ್ತದೋ ಬಾಜಿ ಕಟ್ಟಬಹುದು. ಹೆಣ್ಣಿಗೆ ಮೂರು ರೂಪ. ಒಂದು ಗಂಡಿನ ಹಾಗೆ ಕಪ್ಪು-ಬಿಳಿ. ಇನ್ನೆರಡು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಅನ್ನುವ ವಿಷದ ಚಿಟ್ಟೆಗಳ ನಕಲು.

ಪ್ರಶ್ನೆ: ಮಕ್ಕಳನ್ನು ಶಾಲೆ ಬಿಡಿಸಿ ಚಿಟ್ಟೆ ಹಿಂದೆ ಓಡಾಡಿಸುವುದು ಒಂದು ಓದೇ? ನಿವೃತ್ತ ಶಿಕ್ಷಕಿಯಾಗಿ ತಾವು ಇದನ್ನು ಪ್ರೋತ್ಸಾಹಿಸುವುದು ಸರಿಯೇ?
— ಹಿರಿಯ ಓದುಗರು, ಮಂಡ್ಯ

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ ಸರ್, ಎರಡು ತಿಂಗಳು ನಾನೂ ಅದನ್ನೇ ಇಟ್ಟುಕೊಂಡಿದ್ದೆ. ಈಗಲೂ ಪೂರ್ತಿ ಒಪ್ಪಿದ್ದೇನೆ ಅಂತಲ್ಲ. ಮೂವತ್ತು ಮಕ್ಕಳ ಜೊತೆ ಜಗಳವಾಡಿ, ಬುತ್ತಿ ಹಂಚಿಕೊಂಡು ಕಲಿಯುವುದು ಮನೆಯಲ್ಲಿ ಎಲ್ಲಿ ಬರುತ್ತದೆ? ಮಗಳು ಅದಕ್ಕೆಂದು ಸಂಜೆ ಬೀದಿ ಹುಡುಗರ ಜೊತೆ ಬಿಡುತ್ತಾಳೆ. ಪರೀಕ್ಷೆಯ ಚಿಂತೆ ಇದ್ದರೆ, ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿ ಬರೆಯಲು ದಾರಿಯಿದೆ. ಇನ್ನು ಎಕ್ಕದ ಗಿಡ. ಅದಕ್ಕೆ ಶಾಲೆ ಬಿಡಬೇಕಿಲ್ಲ. ನಾನು ಕೆಲಸ ಮಾಡಿದ ಶಾಲೆಯ ಕಾಂಪೌಂಡಿನ ಹಿಂದೆಯೇ ಎರಡಿದ್ದವು. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಚಿಟ್ಟೆಯ ಜೀವನಚಕ್ರ ಬಿಡಿಸಿದೆ, ಒಂದು ದಿನವೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ.

ಪ್ರಶ್ನೆ: ಟೀಚರ್, ಚಿಟ್ಟೆ ರೆಕ್ಕೆ ಮುಟ್ಟಿದರೆ ಅದು ಸತ್ತು ಹೋಗುತ್ತಾ? ಕೈಗೆ ಹತ್ತುವ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗ್ತೀಯ ಅಂತ ನಮ್ಮಜ್ಜಿ ಹೇಳ್ತಾರೆ.
— ಐದನೇ ತರಗತಿ, ಪಾಂಡವಪುರ

ಉತ್ತರ: ಮರಿ, ಅಷ್ಟಕ್ಕೇ ಸಾಯುವುದಿಲ್ಲ. ಆ ಪುಡಿ ಪುಡಿಯಲ್ಲ. ಮೀನಿಗೆ ಇರುತ್ತದಲ್ಲ, ಆ ಥರ ಸಣ್ಣ ಸಣ್ಣ ಪೊರೆ. ಹಂಚಿನ ಮನೆಯ ಮೇಲೆ ಹೆಂಚು ಜೋಡಿಸಿದ ಹಾಗೆ ಸಾಲಾಗಿ ಇರುತ್ತವೆ. ಚಿಟ್ಟೆಯ ಬಣ್ಣವೆಲ್ಲ ಅದರಲ್ಲೇ. ಉದುರಿದರೆ ಮತ್ತೆ ಬರುವುದಿಲ್ಲ. ಅದಕ್ಕೇ ಹಿಡಿಯಬಾರದು, ಜೋರಾಗಿ ಹಿಡಿದರೆ ರೆಕ್ಕೆಯೇ ಹರಿಯುತ್ತದೆ. ಅದನ್ನು ನೋಡಬೇಕಾದರೆ ಸತ್ತು ಬಿದ್ದ ಚಿಟ್ಟೆಯ ರೆಕ್ಕೆಯ ಮೇಲೆ ಸೆಲೋಟೇಪು ಮೆಲ್ಲಗೆ ಒತ್ತಿ ತೆಗೆದು, ಬಿಳಿ ಹಾಳೆಗೆ ಅಂಟಿಸಿ, ಭೂತಗನ್ನಡಿಯಲ್ಲಿ ನೋಡು.

ಕುರುಡೇನೂ ಆಗುವುದಿಲ್ಲ. ಕಣ್ಣು ಉಜ್ಜದೆ ಕೈ ತೊಳೆದುಕೊಂಡರೆ ಸಾಕು. ಆದರೆ ಅಜ್ಜಿಯ ಮಾತನ್ನು ಪೂರ್ತಿ ತೆಗೆದುಹಾಕಬೇಡ. ಮೈತುಂಬ ಕೂದಲಿರುವ ಕಂಬಳಿಹುಳ ಮುಟ್ಟಬೇಡ ಅಂದರೆ ಕೇಳು. ಆ ಕೂದಲು ಚರ್ಮಕ್ಕೆ ಚುಚ್ಚಿಕೊಂಡರೆ ಉರಿ ತಡೆಯಲಾಗುವುದಿಲ್ಲ, ಕಣ್ಣಿಗೆ ಹೋದರೆ ಡಾಕ್ಟರ ಹತ್ತಿರವೇ ಓಡಬೇಕು.

ಪ್ರಶ್ನೆ: ನಮ್ಮ ರಾಜ್ಯದ ಚಿಟ್ಟೆ ಯಾವುದು? ಮೈಸೂರಿನಲ್ಲಿ ನೋಡಲು ಸಿಗುತ್ತದೆಯೇ?
— ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಸದರ್ನ್ ಬರ್ಡ್‌ವಿಂಗ್. ಕಪ್ಪು ಮುಂರೆಕ್ಕೆ, ಹೊಳೆಯುವ ಹಳದಿ ಹಿಂರೆಕ್ಕೆ. ರೆಕ್ಕೆ ಬಿಚ್ಚಿದರೆ ಅಂಗೈಗಿಂತ ಅಗಲ. ಹೆಸರಿಗೆ ತಕ್ಕ ಹಾಗೆ ದೂರದಿಂದ ಹಕ್ಕಿಯೇ ಅನಿಸುತ್ತದೆ. ಅದು ಪಶ್ಚಿಮ ಘಟ್ಟದ್ದು. ಕೊಡಗಿನಲ್ಲಿ ನೆಂಟರಿದ್ದರೆ ಮುಂಗಾರು ಮುಗಿದ ಮೇಲೆ ಹೋಗಿ ಬನ್ನಿ.

ಪ್ರಶ್ನೆ: ಮೇ ಕೊನೆಯಲ್ಲಿ ನಮ್ಮ ತಾರಸಿಯ ಮೇಲಿಂದ ನೂರಾರು ಕಪ್ಪು-ನೀಲಿ ಚಿಟ್ಟೆಗಳು ಒಂದೇ ದಿಕ್ಕಿಗೆ ಹಾರಿಹೋದವು. ಎಲ್ಲೂ ನಿಲ್ಲಲಿಲ್ಲ. ಏನಿದು?
— ಬ್ಯಾಂಕ್ ಉದ್ಯೋಗಿ, ಶ್ರೀರಂಗಪಟ್ಟಣ

ಉತ್ತರ: ಒಳ್ಳೆಯದನ್ನೇ ನೋಡಿದ್ದೀರಿ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಜೊತೆಗೆ ಕಾಮನ್ ಕ್ರೋನಂಥ ಕಂದು ಚಿಟ್ಟೆಗಳು. ಘಟ್ಟದಲ್ಲಿ ಮುಂಗಾರಿನ ಜಡಿಮಳೆ ಹಿಡಿಯುವ ಹೊತ್ತಿಗೆ ಅವು ಅಲ್ಲಿಂದ ಇಳಿದು ಪೂರ್ವದ ಬಯಲಿಗೆ ಬರುತ್ತವೆ. ಮತ್ತೆ ಅಕ್ಟೋಬರ್-ನವೆಂಬರ್ ಸುಮಾರಿಗೆ ಘಟ್ಟದ ಕಡೆ ಹೊರಡುತ್ತವೆ. ನಿಮ್ಮ ತಾರಸಿ ಅವುಗಳ ದಾರಿಯಲ್ಲಿದೆ.

ನಿಲ್ಲುವುದೇ ಇಲ್ಲ ಅಂತೇನಿಲ್ಲ. ಅಪ್ಸೆಣಬಿನ ಜಾತಿಯ ಗಿಡಗಳಿವೆಯಲ್ಲ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಬರುವಂಥವು, ಅವುಗಳ ಒಣಗಿದ ಎಲೆ ಕಾಂಡಕ್ಕೆ ಗಂಡುಗಳು ಗೊಂಚಲುಗೊಂಚಲಾಗಿ ಮುತ್ತುತ್ತವೆ. ಆ ರಸ ಹೀರಿದರೇನೇ ಹೆಣ್ಣನ್ನು ಒಲಿಸುವ 'ಸೆಂಟು' ತಯಾರಾಗುವುದು. ಹೊಲದ ಬದುವಿನಲ್ಲಿ ಆ ಗಿಡ ಕಂಡರೆ ಹತ್ತಿರ ಹೋಗಿ ನಿಲ್ಲಿ. ಅಮಲಿನಲ್ಲಿರುವವರ ಹಾಗೆ ಇರುತ್ತವೆ, ಒಂದಡಿ ಹತ್ತಿರ ಹೋದರೂ ಏಳುವುದಿಲ್ಲ.

ಈ ಸಲ ವಾಪಸ್ ಹೋಗುವಾಗ ಎಣಿಸಿ. ತಾರಸಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಣ್ಣಲ್ಲೇ ಗೆರೆ ಹಾಕಿಕೊಂಡು, ಐದು ನಿಮಿಷದಲ್ಲಿ ಎಷ್ಟು ದಾಟಿದವು, ಯಾವ ದಿಕ್ಕಿಗೆ, ಬಿಸಿಲಿತ್ತಾ ಮೋಡವಾ, ಇಷ್ಟು ಬರೆದು ಕಳಿಸಿ. ಮನೆಯಲ್ಲಿ ಮಕ್ಕಳಿದ್ದರೆ ಎಣಿಸುವ ಕೆಲಸ ಅವರಿಗೆ ಕೊಡಿ, ನಮಗೆ ನೂರರ ಮೇಲೆ ಲೆಕ್ಕ ತಪ್ಪುತ್ತದೆ.